ಉಸಿರಿನ ಯಂತ್ರದ ಮಗ್ಗುಲಲ್ಲಿ

ಕುಂದುರ್ಪಿಗೆ ಹೋದಾಗಲೆಲ್ಲ ಬಸ್ ಇಳಿದ ಕೂಡಲೇ ನನಗೆ ಎದುರಾಗುವ ಪ್ರಶ್ನೆ ಒಂದೇ. “ಬೆಂಗಳೂರಿನ ಆಸ್ಪತ್ರೇಲಿದ್ದೀಯಂತಲ್ಲಪ್ಪ, ಡಾಕ್ಟರಾ, ಕಾಂಪೌಂಡರಾ?” ಎರಡೂ ಅಲ್ಲವೆಂದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ತೀವ್ರ ನಿಗಾ ಘಟಕದ ತಂತ್ರಜ್ಞ ಎಂಬ ಪದವನ್ನು ನಮ್ಮ ಕಡೆಯ ಮಾತಿಗೆ ಒಗ್ಗಿಸುವುದು ಹೇಗೆಂದು ತಿಳಿಯದೆ, ಉಸಿರಾಡಲಾಗದವರಿಗೆ ಉಸಿರು ಕೊಡುವ ಯಂತ್ರವನ್ನು ನೋಡಿಕೊಳ್ಳುವವನು ನಾನು ಎಂದು ಹೇಳಿ ಮುಗಿಸುತ್ತೇನೆ. ಒಮ್ಮೆ ಒಬ್ಬ ಹಿರಿಯರು, “ಹಂಗಾದ್ರೆ ಮೋಟ್ರು ನೋಡ್ಕೊಳ್ಳೋನು ಅನ್ನು” ಎಂದರು. ಕೊಳವೆಬಾವಿಯ ಮೋಟರನ್ನೇ ನೆಚ್ಚಿ ಬದುಕುವ ಊರಿನಲ್ಲಿ ಇದು ಕಡಿಮೆ ಮಾತಲ್ಲ. ಹಲವು ವರ್ಷ ನಾನೂ ನನ್ನನ್ನು ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆ ಎಲ್ಲಿ ತಪ್ಪಿತೆಂಬುದನ್ನು ಹೇಳಲು ಈ ಬರಹ.

ಅನಂತಪುರ ಜಿಲ್ಲೆಯ ಕಲ್ಯಾಣದುರ್ಗ ಸೀಮೆಯ ದಕ್ಷಿಣದ ಅಂಚಿನಲ್ಲಿ, ಹಳೆಯ ಕೋಟೆಯನ್ನು ಹೊತ್ತ ಬೆಟ್ಟದ ಬುಡದಲ್ಲಿದೆ ಕುಂದುರ್ಪಿ. ಕರ್ನಾಟಕದ ಗಡಿ ಅಲ್ಲಿಂದ ದೂರವಿಲ್ಲ. ಪಾವಗಡಕ್ಕೂ ಕಲ್ಯಾಣದುರ್ಗಕ್ಕೂ ನಮ್ಮವರು ಒಂದೇ ಸಲಿಗೆಯಿಂದ ಹೋಗಿಬರುತ್ತಾರೆ. 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ಅನಂತಪುರ ಜಿಲ್ಲೆಯಾಯಿತು. 1953ರಲ್ಲಿ ಆಂಧ್ರ ರಾಜ್ಯವಾಯಿತು. 2022ರಲ್ಲಿ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿ, ಕಲ್ಯಾಣದುರ್ಗ ಅನಂತಪುರದಲ್ಲಿಯೇ ಉಳಿಯಿತು. ಕಾಗದದ ಮೇಲೆ ಗೆರೆಗಳು ಇಷ್ಟು ಸಲ ಕದಲಿದರೂ ನಮ್ಮ ಮನೆಯ ಒಳಗಿನ ಮಾತು ಕನ್ನಡವೇ. ಶಾಲೆಯ ಮಾತು ತೆಲುಗು. ನಾನು ಹತ್ತನೆಯ ತರಗತಿಯವರೆಗೆ ತೆಲುಗು ಮಾಧ್ಯಮದಲ್ಲಿ ಓದಿದವನು; ಕನ್ನಡ ಅಕ್ಷರಗಳನ್ನು ಕಲಿಸಿದವಳು ಅಜ್ಜಿ. ಈ ಪತ್ರಿಕೆಯ ಓದುಗರಲ್ಲಿ ಬಹುಮಂದಿಯ ಕಥೆಯೂ ಇದಕ್ಕಿಂತ ಬಹಳ ಬೇರೆ ಇರಲಾರದು.

ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತುವ ಒಣಸೀಮೆಯಲ್ಲಿ ಒಬ್ಬ ಮಗ ಸೈನ್ಯಕ್ಕೆ ಸೇರಿದರೆ ಆ ಮನೆಗೆ ಬರಗಾಲದ ಭಯ ಅರ್ಧ ಇಳಿದಂತೆ. ಹಾಗೆ ಹೋದವರಲ್ಲಿ ಕೆಲವರು ಮದ್ರಾಸ್ ಸ್ಯಾಪರ್ಸ್ ಸೇರುತ್ತಿದ್ದರು. ತನ್ನ ಚರಿತ್ರೆಯನ್ನು 1780ರಿಂದ ಎಣಿಸುವ ಆ ಎಂಜಿನಿಯರ್ ಪಡೆಯ ಕೇಂದ್ರ ಬೆಂಗಳೂರಿನ ಹಲಸೂರು ಕೆರೆಯ ಬಳಿ ಇದೆ. ಸೇತುವೆ ಕಟ್ಟುವುದು, ಮೈನು ತೆಗೆಯುವುದು, ದಾರಿ ಮಾಡುವುದು ಅವರ ಕೆಲಸ. ನಿವೃತ್ತರಾಗಿ ಊರಿಗೆ ಬಂದಾಗ ಹಿಂದಿಯಲ್ಲಿ ಎಣಿಸುವ ಅಭ್ಯಾಸ, ಕಬ್ಬಿಣದ ಟ್ರಂಕು, ಪಿಂಚಣಿ ಪುಸ್ತಕ ಅವರ ಜೊತೆಗೆ ಬರುತ್ತವೆ. ಕೆಲವರ ಜೊತೆಗೆ ಕೆಟ್ಟ ಶ್ವಾಸಕೋಶ, ಮಂದವಾದ ಕಿವಿಗಳೂ ಬರುತ್ತವೆ.

ಅಮೆರಿಕದಲ್ಲಿ ನಿವೃತ್ತ ಸೈನಿಕರಿಗಾಗಿಯೇ ಸರಕಾರ ನಡೆಸುವ ನೂರಾ ಎಪ್ಪತ್ತರಷ್ಟು ಆಸ್ಪತ್ರೆಗಳಿವೆ. ನಮ್ಮಲ್ಲಿ ಅಂಥ ಪ್ರತ್ಯೇಕ ಸರಣಿ ಇಲ್ಲ. ಸೇನಾ ಆಸ್ಪತ್ರೆಗಳಲ್ಲಿ ಸೇವೆಯಲ್ಲಿರುವವರ ಜೊತೆಗೇ ನಿವೃತ್ತರನ್ನೂ ನೋಡುತ್ತಾರೆ. 2003ರ ಏಪ್ರಿಲ್‌ನಲ್ಲಿ ಆರಂಭವಾದ ಮಾಜಿ ಸೈನಿಕರ ವಂತಿಗೆ ಆರೋಗ್ಯ ಯೋಜನೆ, ಅಂದರೆ ಎಲ್ಲರೂ ಇ.ಸಿ.ಎಚ್.ಎಸ್. ಎಂದು ಕರೆಯುವ ಯೋಜನೆ, ಬಂದ ಮೇಲೆ ಅದರ ಪಾಲಿಕ್ಲಿನಿಕ್‌ಗಳಿಂದ ಒಪ್ಪಂದದ ಆಸ್ಪತ್ರೆಗಳಿಗೂ ರೋಗಿಗಳನ್ನು ಕಳುಹಿಸುತ್ತಾರೆ. ನಾನು ಕೆಲಸ ಮಾಡುವುದು ಮಾಜಿ ಸೈನಿಕರೇ ಹೆಚ್ಚಾಗಿ ಬಂದು ಸೇರುವ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ, ಗುತ್ತಿಗೆಯ ಮೇಲೆ. ಅದರ ಹೆಸರು ಇಲ್ಲಿ ಬೇಡ.

ನನ್ನ ಡ್ಯೂಟಿ ಹೇಗಿರುತ್ತದೆಂದು ಸ್ವಲ್ಪ ಹೇಳಬೇಕು. ಪಾಳಿ ಬದಲಾದೊಡನೆ ಮೊದಲು ನೋಡುವುದು ರೋಗಿಯನ್ನಲ್ಲ, ಗೋಡೆಯನ್ನು: ಆಮ್ಲಜನಕದ ಕೊಳವೆಯ ಒತ್ತಡ ಸರಿಯಿದೆಯೇ, ಅದು ನಿಂತರೆ ಕೈಗೆಟಕುವಂತೆ ಸಿಲಿಂಡರು ತುಂಬಿದೆಯೇ, ಕೈಯಿಂದ ಉಸಿರೊತ್ತುವ ಆಂಬು ಚೀಲ ಪ್ರತಿ ಹಾಸಿಗೆಯ ತಲೆಯ ಬಳಿ ಇದೆಯೇ ಎಂದು. ಬಳಿಕ ವೆಂಟಿಲೇಟರ್. ಕೊಳವೆಗಳಲ್ಲಿ ನೀರು ನಿಂತಿದ್ದರೆ ಬಸಿಯಬೇಕು. ಗಾಳಿ ಸೋರುವ ಕೀಲು ಹುಡುಕಬೇಕು. ಶ್ವಾಸನಾಳದೊಳಗಿನ ನಳಿಕೆಯ ತುದಿಯಲ್ಲಿ ಒಂದು ಚಿಕ್ಕ ಬಲೂನು ಇರುತ್ತದೆ. ಅದರ ಒತ್ತಡ 20ರಿಂದ 30 ಸೆಂಟಿಮೀಟರ್ ನೀರಿನಷ್ಟಿರಬೇಕು. ಕಡಿಮೆಯಾದರೆ ಬಾಯಿಯ ಜೊಲ್ಲು ಶ್ವಾಸಕೋಶಕ್ಕೆ ಇಳಿಯುತ್ತದೆ, ಹೆಚ್ಚಾದರೆ ನಾಳದ ಒಳಪೊರೆ ಹುಣ್ಣಾಗುತ್ತದೆ. ಅಪಧಮನಿಯ ರಕ್ತದೊತ್ತಡ ತೋರಿಸುವ ಸಂವೇದಕವನ್ನು ಹೃದಯದ ಮಟ್ಟಕ್ಕೆ ಹಿಡಿದು ಸೊನ್ನೆಗೆ ತರಬೇಕು. ಅಂಗೈ ಅಗಲದಷ್ಟು ಮೇಲೆ ಕೆಳಗೆ ಆದರೂ ಪರದೆಯ ಅಂಕಿ ಸುಳ್ಳು ಹೇಳುತ್ತದೆ. ರಕ್ತದ ಅನಿಲ ಪರೀಕ್ಷೆಯ ಯಂತ್ರವನ್ನು ಸಜ್ಜಾಗಿಡಬೇಕು. ಹೃದಯಕ್ಕೆ ವಿದ್ಯುತ್ ಕೊಡುವ ಡಿಫಿಬ್ರಿಲೇಟರನ್ನು ದಿನಕ್ಕೊಮ್ಮೆ ಪರೀಕ್ಷಿಸಿ ಪುಸ್ತಕದಲ್ಲಿ ಸಹಿ ಮಾಡಬೇಕು. 2021ರಲ್ಲಿ ಸಹಾಯಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ ಬಂದು ನಮ್ಮಂಥವರ ವೃತ್ತಿಗಳಿಗೆ ಕಾನೂನಿನಲ್ಲೊಂದು ಸ್ಥಾನ ದೊರೆಯಿತು. ಅದಕ್ಕೆ ಮೊದಲೂ ಕೆಲಸ ಇದೇ ಆಗಿತ್ತು.

ಈ ಕೆಲಸದ ಹುಟ್ಟು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೊ ಹಬ್ಬಿ, ಉಸಿರಿನ ಸ್ನಾಯುಗಳು ಸೋತು ಜನ ಸಾಯತೊಡಗಿದರು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ಕತ್ತಿನಲ್ಲಿ ರಂಧ್ರ ಮಾಡಿ, ನಳಿಕೆ ಹಾಕಿ, ಚೀಲವನ್ನು ಕೈಯಿಂದ ಒತ್ತಿ ಗಾಳಿ ತುಂಬಿದರೆ ಬದುಕಿಸಬಹುದೆಂದು ತೋರಿಸಿದರು. ಯಂತ್ರಗಳು ಸಾಲದೆ ಸುಮಾರು 1500 ವೈದ್ಯಕೀಯ ವಿದ್ಯಾರ್ಥಿಗಳು ಪಾಳಿಯ ಮೇಲೆ ತಿಂಗಳುಗಟ್ಟಲೆ ಹಗಲಿರುಳು ಚೀಲ ಒತ್ತಿದರು. ಇಂದಿನ ತೀವ್ರ ನಿಗಾ ಘಟಕ ಬೆಳೆದದ್ದು ಆ ವಾರ್ಡಿನಿಂದ. ಅಲ್ಲಿ ಮೊದಲ ವೆಂಟಿಲೇಟರ್ ಆಗಿದ್ದದ್ದು ಹಾಸಿಗೆಯ ಮಗ್ಗುಲಲ್ಲಿ ಕುಳಿತ ಒಬ್ಬ ಮನುಷ್ಯನ ಕೈ. ರೋಗಿಯ ಮುಖ ನೋಡುತ್ತ ಒತ್ತುತ್ತಿದ್ದ ಕೈ. ಕೈಯ ಜಾಗಕ್ಕೆ ಯಂತ್ರ ಬಂದ ಮೇಲೆ ಮುಖ ನೋಡುವುದು ಯಾರ ಕೆಲಸವೆಂಬುದು ನಮ್ಮ ನಡುವೆ ಅಷ್ಟು ಸ್ಪಷ್ಟವಾಗಿ ಉಳಿಯಲಿಲ್ಲ.

ನಾನು ಮುಖ ನೋಡುವುದನ್ನು ಬಿಟ್ಟದ್ದಕ್ಕೆ ಒಂದು ಕಾರಣವೂ ಇತ್ತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ವಾರ್ಡಿನ ಬಾಗಿಲಲ್ಲಿ ರಾತ್ರಿಯಿಡೀ ನಿಂತಿದ್ದ ಒಬ್ಬ ಹೆಣ್ಣುಮಗಳು ತನ್ನ ತಂದೆಯ ಸ್ಥಿತಿ ಕೇಳಿದಳು. ಪರದೆಯಲ್ಲಿ ಆಮ್ಲಜನಕದ ಅಂಕಿ 96 ಇತ್ತು. “ಚೆನ್ನಾಗಿದ್ದಾರಮ್ಮ, ಭಯ ಬೇಡ” ಎಂದೆ. ಬೆಳಗಿನ ಜಾವ ಅವರು ತೀರಿಕೊಂಡರು. ಅಂಕಿ ಚೆನ್ನಾಗಿತ್ತು; ರಕ್ತದೊತ್ತಡವನ್ನು ಮೇಲೆತ್ತಿ ಹಿಡಿದಿದ್ದ ಔಷಧಿಯ ಪ್ರಮಾಣ ರಾತ್ರಿಯೆಲ್ಲ ಏರುತ್ತಿದ್ದುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಕೆ ನನ್ನನ್ನು ಬಯ್ಯಲಿಲ್ಲ. “ನೀವು ಹೇಳಿದ್ರಿ ಅಂತ ಮನೆಗೆ ಹೋಗಿ ಮಲಗಿದೆ” ಎಂದಳು, ಅಷ್ಟೇ. ವಿಷಯ ಮೇಲಿನವರಿಗೆ ಹೋಗಿ ನನಗೆ ಲಿಖಿತ ಎಚ್ಚರಿಕೆ ಬಂತು. ನಿನ್ನ ಕೆಲಸ ಯಂತ್ರದ ಜೊತೆ, ಜನರ ಜೊತೆಯಲ್ಲ ಎಂಬುದು ಅದರ ಸಾರ. ಆ ಎಚ್ಚರಿಕೆ ನ್ಯಾಯವಾದದ್ದೆಂದೇ ನಾನು ಇಂದಿಗೂ ತಿಳಿದಿದ್ದೇನೆ. ಆದರೆ ಅದರಿಂದ ನಾನು ಕಲಿತ ಪಾಠ ಮಾತ್ರ ತಪ್ಪಾಗಿತ್ತು. ತಿಳಿಯದ್ದನ್ನು ಹೇಳಬಾರದು ಎಂದು ಕಲಿಯುವ ಬದಲು, ತಿಳಿದದ್ದನ್ನೂ ಹೇಳಬಾರದು ಎಂದು ಕಲಿತೆ.

ಕೆಲವು ವರ್ಷಗಳ ಹಿಂದೆ, ಮಾಗಿಯ ಚಳಿಯಲ್ಲಿ, ಒಬ್ಬ ವೃದ್ಧರು ನಮ್ಮಲ್ಲಿಗೆ ಬಂದರು. ಎಪ್ಪತ್ತೈದು ದಾಟಿದವರು, ಮದ್ರಾಸ್ ಸ್ಯಾಪರ್ಸ್‌ನಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಬಹಳ ಕಾಲದ ಉಬ್ಬಸ, ಅದರ ಮೇಲೆ ನ್ಯುಮೋನಿಯಾ. ಬಂದ ರಾತ್ರಿಯೇ ನಳಿಕೆ ಹಾಕಿ ವೆಂಟಿಲೇಟರಿಗೆ ಸೇರಿಸಿದರು. ಮಗ ಶಾಲಾ ಮೇಷ್ಟ್ರು. 1971ರ ಡಿಸೆಂಬರಿನಲ್ಲಿ ಶಕರ್‌ಗಢದ ಕಡೆ, ಬಸಂತರ್ ನದಿಯ ಮೈನುಗಳ ನಡುವೆ ನಮ್ಮ ಟ್ಯಾಂಕುಗಳಿಗೆ ದಾರಿ ತೆರೆದವರಲ್ಲಿ ತಂದೆಯೂ ಇದ್ದರೆಂದು ಅವರು ಡಾಕ್ಟರಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು. ಐದನೆಯ ದಿನ ನಿದ್ರೆಯ ಔಷಧಿ ನಿಲ್ಲಿಸಿದರು. ಉಸಿರಿನ ಲೆಕ್ಕ ಚೆನ್ನಾಗಿಯೇ ಇತ್ತು. ನಿಮಿಷದ ಉಸಿರುಗಳ ಸಂಖ್ಯೆಯನ್ನು, ಲೀಟರಿನಲ್ಲಿ ಅಳೆದ ಒಂದು ಉಸಿರಿನ ಗಾತ್ರದಿಂದ ಭಾಗಿಸಿದರೆ 105ಕ್ಕಿಂತ ಕಡಿಮೆ ಬರಬೇಕೆಂಬುದು ನಮ್ಮಲ್ಲಿ ಬಳಸುವ ಒಂದು ಅಳತೆ. ಅವರಿಗೆ ಅರವತ್ತರ ಆಸುಪಾಸು ಬರುತ್ತಿತ್ತು. ಯಂತ್ರದ ಕಡೆಯಿಂದ ಅವರು ಬಿಡುಗಡೆಗೆ ಸಿದ್ಧರಾಗಿದ್ದರು.

ಆದರೆ ಎಚ್ಚರದ ಕಡೆಯಿಂದ ಸಿದ್ಧರಾಗಿರಲಿಲ್ಲ. 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು ಪ್ರಜ್ಞೆಯನ್ನು ಅಳೆಯುವ ಒಂದು ಮಾನದಂಡ ರೂಪಿಸಿದರು. ಇಂದು ಎಲ್ಲೆಡೆ ಬಳಕೆಯಲ್ಲಿರುವುದು ಅದೇ. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6 ಅಂಕ. ಗಂಟಲಲ್ಲಿ ನಳಿಕೆ ಇದ್ದವರಿಗೆ ಮಾತಿನ ಅಂಕ ಕೊಡಲಾಗದು. ಚಲನೆಯಲ್ಲಿ, ನೋವು ಕೊಟ್ಟ ಜಾಗಕ್ಕೆ ಕೈ ತಂದರೆ 5; ಹೇಳಿದ್ದನ್ನು ಕೇಳಿ ಮಾಡಿದರೆ 6. ಐದಕ್ಕೂ ಆರಕ್ಕೂ ನಡುವೆ ಇರುವ ಅಂತರ ಒಂದೇ ಅಂಕ. ಆದರೆ ಆ ಒಂದು ಅಂಕಕ್ಕೆ ಹೇಳುವವರ ಮಾತು ಕೇಳುವವರಿಗೆ ತಲುಪಬೇಕು. ಮಿಕ್ಕ ಐದಕ್ಕೆ ಅದರ ಅಗತ್ಯವಿಲ್ಲ. ಸಿಸ್ಟರ್ ಹಾಸಿಗೆಯ ಬಳಿ ನಿಂತು ಹಿಂದಿಯಲ್ಲಿ ಕಣ್ಣು ತೆರೆಯಿರಿ, ಕೈ ಹಿಡಿಯಿರಿ ಎಂದು ಕೂಗುತ್ತಿದ್ದರು. ಮುದುಕರ ಕಣ್ಣು ಅರೆತೆರೆದು ಮತ್ತೆ ಮುಚ್ಚುತ್ತಿತ್ತು. ಪಟ್ಟಿಯಲ್ಲಿ 5 ಎಂದು ಬರೆದರು. ದಾಖಲೆಯಲ್ಲಿ ಮಾತೃಭಾಷೆ ತೆಲುಗು ಎಂದಿತ್ತು. ಆರನೆಯ ದಿನ ನೆಲ್ಲೂರಿನ ಕಡೆಯ ಒಬ್ಬ ಸಿಸ್ಟರ್ ಬಂದು ತೆಲುಗಿನಲ್ಲಿ ಕರೆದರು. ಆಗಲೂ 5.

ಐದನೆಯ ದಿನದ ರಾತ್ರಿ ಪಾಳಿಯಲ್ಲಿಯೇ ನಾನು ಅವರ ವಿಳಾಸ ಓದಿದ್ದೆ. ಕುಂದುರ್ಪಿ ಮಂಡಲದ ಒಂದು ಹಳ್ಳಿ. ಆ ಹಳ್ಳಿಯ ದಾರಿ ನನಗೆ ಗೊತ್ತು. ಅಲ್ಲಿ ಹಟ್ಟಿಯ ಮುಂದೆ ಕುಳಿತ ಹೆಂಗಸರು ಯಾವ ಮಾತಿನಲ್ಲಿ ಮಕ್ಕಳನ್ನು ಗದರುತ್ತಾರೆ ಎಂಬುದೂ ಗೊತ್ತು. ಮಗ ಮೇಷ್ಟ್ರು ಅರ್ಜಿಯಲ್ಲಿ ತೆಲುಗು ಎಂದೇಕೆ ಬರೆದರು ಎಂಬುದನ್ನು ನನಗೆ ಯಾರೂ ವಿವರಿಸಬೇಕಾಗಿರಲಿಲ್ಲ. ನಾನೂ ಕೆಲಸಕ್ಕೆ ಸೇರುವಾಗ ಆ ಅಂಕಣದಲ್ಲಿ ತೆಲುಗು ಎಂದೇ ಬರೆದಿದ್ದೆ. ಪ್ರಮಾಣಪತ್ರಗಳೆಲ್ಲ ತೆಲುಗು ಮಾಧ್ಯಮದವು, ಆಂಧ್ರದ ವಿಳಾಸ, ಕನ್ನಡ ಎಂದು ಬರೆದರೆ ಇನ್ನೊಂದು ಪ್ರಶ್ನೆ, ಇನ್ನೊಂದು ವಿವರಣೆ. ಕಚೇರಿಯ ಕಿಟಕಿಯ ಮುಂದೆ ನಿಂತವನು ಪ್ರಶ್ನೆ ಕಡಿಮೆ ಹುಟ್ಟುವ ಉತ್ತರವನ್ನೇ ಆರಿಸಿಕೊಳ್ಳುತ್ತಾನೆ.

ಎರಡು ರಾತ್ರಿ ನಾನು ಸುಮ್ಮನಿದ್ದೆ. ಕೊಳವೆಯ ನೀರು ಬಸಿದೆ, ಬಲೂನಿನ ಒತ್ತಡ ಅಳೆದೆ, ಅಂಕಿಗಳನ್ನು ಬರೆದೆ. ಪ್ರಜ್ಞೆಯ ಪರೀಕ್ಷೆ ನನ್ನ ಕೆಲಸವಲ್ಲ. ಗುತ್ತಿಗೆ ನವೀಕರಣದ ತಿಂಗಳು ಹತ್ತಿರವಿತ್ತು. ಹಳೆಯ ಎಚ್ಚರಿಕೆಯ ಕಾಗದ ಕಡತದಲ್ಲಿತ್ತು. ಹೀಗೆ ನನಗೆ ನಾನೇ ಹೇಳಿಕೊಂಡ ಕಾರಣಗಳು ಒಂದೊಂದೂ ಸರಿಯಾಗಿಯೇ ಇದ್ದವು.

ಏಳನೆಯ ದಿನ ಸಂಜೆ ನಾನು ಬಂದಾಗ, ಹಿರಿಯ ವೈದ್ಯರು ಮೇಷ್ಟ್ರನ್ನು ಪಕ್ಕಕ್ಕೆ ಕರೆದು, ತಂದೆಗೆ ಎಚ್ಚರ ಮೂಡುತ್ತಿಲ್ಲ, ನಾಳಿದ್ದು ಕತ್ತಿನಲ್ಲಿ ರಂಧ್ರ ಮಾಡಿ ನಳಿಕೆ ಕೂಡಿಸುವುದು ಒಳ್ಳೆಯದು, ಅಂದರೆ ಟ್ರೇಕಿಯಾಸ್ಟಮಿ, ಎಂದು ತಿಳಿಹೇಳುತ್ತಿದ್ದರು. ಅದು ದುಡುಕಿನ ನಿರ್ಧಾರವಲ್ಲ. ಬಾಯಿಯ ನಳಿಕೆಯನ್ನು ಬಹಳ ದಿನ ಇಡಬಾರದು. ಮೇಷ್ಟ್ರು ತಲೆಯಾಡಿಸಿ ಹೊರಗೆ ಬಂದು, ಮೆಟ್ಟಿಲ ಬಳಿ ನಿಂತು ಮನೆಗೆ ಫೋನು ಮಾಡಿದರು. “ಅವ್ವಾ, ಕತ್ತು ಕೊಯ್ತಾರಂತೆ” ಎಂದರು. ಬೇರೆ ಏನೂ ಹೇಳಲಾಗದೆ ಫೋನು ಕೈಯಲ್ಲಿ ಹಿಡಿದು ನಿಂತರು. ಆ ಕನ್ನಡ ಕೇಳಿದ ಮೇಲೆ ನನಗೆ ಯಾವ ಕಾರಣವೂ ಉಳಿಯಲಿಲ್ಲ.

ರಾತ್ರಿ ಎರಡು ಗಂಟೆಯ ಹೊತ್ತಿಗೆ ವೆಂಟಿಲೇಟರಿನ ಕೊಳವೆ ಸರಿಪಡಿಸಲು ಹೋದೆ. ಯಂತ್ರ ಇದ್ದದ್ದು ಹಾಸಿಗೆಯ ಎಡಗಡೆ. ಬಗ್ಗಿ ಅವರ ಕಿವಿಯ ಹತ್ತಿರ, ನಮ್ಮೂರಿನಲ್ಲಿ ಕರೆಯುವ ಹಾಗೆ, “ತಾತಾ, ಕಣ್ ಬಿಡು. ಕುಂದುರ್ಪಿ ಕಡೆಯೋನು ನಾನು. ಕಣ್ ಬಿಡು ತಾತಾ” ಎಂದೆ. ಕಣ್ಣು ತೆರೆಯಿತು. ಅಷ್ಟು ಹಿಂದೆಯೂ ತೆರೆಯುತ್ತಿತ್ತು. ಆದರೆ ಈ ಸಲ ಮುಚ್ಚಲಿಲ್ಲ. ನನ್ನ ಕಡೆ ಹೊರಳಿತು. “ನನ್ ಕೈ ಹಿಡ್ಕೋ” ಎಂದೆ. ಹಿಡಿದರು. “ಬಿಡು” ಎಂದೆ. ಬಿಟ್ಟರು. “ಎರಡು ಬೆರಳು ತೋರ್ಸು” ಎಂದಾಗ, ಪಟ್ಟಿ ಕಟ್ಟಿದ ಕೈಯಿಂದ ಎರಡು ಬೆರಳು ನಿಧಾನವಾಗಿ ಎದ್ದವು.

ಪಾಳಿಯ ಡಾಕ್ಟರನ್ನು ಕರೆದೆ. ಪಂಜಾಬಿನ ಕಡೆಯ ಯುವತಿ. ನಾನು ಹೇಳಿದ್ದನ್ನು ಕೇಳಿ ಸಿಟ್ಟಾಗಲಿಲ್ಲ, ಹೊಗಳಲೂ ಇಲ್ಲ. “ಮತ್ತೊಮ್ಮೆ ಮಾಡಿ ತೋರಿಸಿ” ಎಂದರು. ತೋರಿಸಿದೆ. ಅವರು ಬಲಗಡೆಗೆ ಹೋಗಿ, ನನ್ನಿಂದ ಆ ಎರಡು ಮಾತು ಕಲಿತು, ಅವನ್ನೇ ಕನ್ನಡದಲ್ಲಿ ಹೇಳಿದರು. ಮುದುಕರು ಅಲುಗಲಿಲ್ಲ. ಎಡಗಡೆಗೆ ಬಂದು ಹೇಳಿದರು. ಕೈ ಹಿಡಿದರು. ಬೆಳಿಗ್ಗೆ ಮಗನನ್ನು ವಿಚಾರಿಸಿದಾಗ, ಸಿಡಿಮದ್ದಿನ ಕೆಲಸದಲ್ಲಿ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಗೆ ಯಂತ್ರವಿದೆ, ಅದನ್ನು ಸೇರಿಸಿದ ದಿನವೇ ಕನ್ನಡಕ, ಉಂಗುರಗಳ ಜೊತೆ ಕಟ್ಟಿ ಮನೆಯವರ ಕೈಗೆ ಕೊಟ್ಟಿದ್ದರು ಎಂದು ತಿಳಿಯಿತು. ಸಿಸ್ಟರುಗಳು ನಿಂತು ಕರೆಯುತ್ತಿದ್ದದ್ದು ಬಾಗಿಲ ಕಡೆಯಿಂದ, ಅಂದರೆ ಬಲಗಡೆಯಿಂದ.

ಆದ್ದರಿಂದ ಅವರನ್ನು ಎಚ್ಚರಿಸಿದ್ದು ಕನ್ನಡವೋ, ಎಡಗಿವಿಯೋ ಎಂದು ನಾನು ಆಣೆಯಿಟ್ಟು ಹೇಳಲಾರೆ. ಹಿರಿಯ ವೈದ್ಯರು ಕಿವಿಯದೇ ಕಾರಣ ಎಂದರು. ಅರೆಎಚ್ಚರದ ಮಬ್ಬಿನಲ್ಲಿ ಮನುಷ್ಯನಿಗೆ ಮೊದಲು ಕಲಿತ ಮಾತೇ ಮೊದಲು ತಲುಪುತ್ತದೆಂದು ನನಗೆ ಅನ್ನಿಸುತ್ತದೆ. ಗಡಿಯಲ್ಲಿ ಬೆಳೆದವನಿಗೆ ಹಾಗೆ ಅನ್ನಿಸುವುದು ಸಹಜ, ಅನ್ನಿಸಿದ್ದೆಲ್ಲ ಸಾಕ್ಷಿಯಲ್ಲ. ಆದರೆ ಎರಡು ಕಾರಣಗಳಲ್ಲಿ ಯಾವುದಾದರೂ ಸರಿಯೇ, ಒಬ್ಬರು ಹತ್ತಿರ ಬಗ್ಗಿ ಮಾತನಾಡಿದ್ದರೆ ಎರಡು ದಿನ ಮೊದಲೇ ಅದು ಗೊತ್ತಾಗುತ್ತಿತ್ತು. ಬಗ್ಗಬಹುದಾಗಿದ್ದವನು ನಾನು.

ಎಂಟನೆಯ ದಿನ ಅರ್ಧ ಗಂಟೆ ಸ್ವಂತ ಉಸಿರಿನ ಪರೀಕ್ಷೆ ನಡೆಸಿ ನಳಿಕೆ ತೆಗೆದರು. ಕತ್ತು ಕೊಯ್ಯುವ ಮಾತು ನಿಂತುಹೋಯಿತು. ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಇದನ್ನು ಹೆಮ್ಮೆಯಿಂದ ಬರೆಯುತ್ತಿದ್ದೆ. ಮರುದಿನ ಅವರಿಗೆ ಜ್ವರ ಬಂತು. ಕಫದಲ್ಲಿ ಆಸ್ಪತ್ರೆಯ ಹಟಮಾರಿ ಸೂಕ್ಷ್ಮಜೀವಿ ಬೆಳೆಯಿತು. ವೆಂಟಿಲೇಟರಿನ ಮೇಲೆ ಕಳೆಯುವ ಒಂದೊಂದು ದಿನವೂ ಅಂಥ ಸೋಂಕಿನ ಅಪಾಯ ತರುತ್ತದೆಂಬುದು ನಮ್ಮ ಮೊದಲ ವರ್ಷದ ಪಾಠ. ಮತ್ತೆ ಯಂತ್ರಕ್ಕೆ ಹಾಕಬೇಕಾದೀತೆಂಬ ಭಯದಲ್ಲಿ ನಾಲ್ಕು ದಿನ ಕಳೆದವು. ಮುಖವಾಡದ ಮೂಲಕ ಗಾಳಿ ಕೊಟ್ಟು, ಔಷಧಿ ಬದಲಿಸಿ, ಹೇಗೋ ತಡೆದರು. ಆ ಎರಡು ರಾತ್ರಿಗಳಿಂದಲೇ ಸೋಂಕು ಬಂತೇ ಎಂದು ಪಂಜಾಬಿನ ಡಾಕ್ಟರನ್ನು ಕೇಳಿದೆ. “ಯಾರೂ ಹೇಳಲಾರರು. ಮೊದಲ ದಿನವೇ ಬಂದಿರಬಹುದು” ಎಂದರು. ನನ್ನನ್ನು ಸಮಾಧಾನಪಡಿಸಲು ಹೇಳಿದ್ದಲ್ಲ, ನಿಜ ಹೇಳಿದರು. ಆದರೂ ಆ ಪ್ರಶ್ನೆ ಇಂದಿಗೂ ನನ್ನೊಡನೆ ಇದೆ.

ಅವರು ಉಳಿದರು. ಮನೆಗೆ ಹೋಗುವಾಗ ಆಮ್ಲಜನಕದ ಕಾನ್ಸಂಟ್ರೇಟರ್ ಬೇಕೆಂದು ಬರೆದುಕೊಟ್ಟರು. ಅದು ಗಾಳಿಯಲ್ಲಿನ ಸಾರಜನಕವನ್ನು ಸೋಸಿ ಆಮ್ಲಜನಕ ಉಳಿಸುವ ಯಂತ್ರ; ವಿದ್ಯುತ್ ಇದ್ದಷ್ಟು ಹೊತ್ತು ಮಾತ್ರ ನಡೆಯುತ್ತದೆ. ನಮ್ಮ ಕಡೆಯ ವಿದ್ಯುತ್ತಿನ ಗುಣ ಬಲ್ಲವನಾದ್ದರಿಂದ ನನಗೆ ಸಮಾಧಾನವಿರಲಿಲ್ಲ. ಯುಗಾದಿಗೆ ಊರಿಗೆ ಹೋದಾಗ ಅವರ ಹಳ್ಳಿಗೆ ಹೋದೆ.

ಪಡಸಾಲೆಯಲ್ಲಿ ಮಂಚದ ಮೇಲೆ, ಗೋಡೆಗೆ ಒರಗಿ ಕುಳಿತಿದ್ದರು. ಮೂಗಿಗೆ ಸಣ್ಣ ಕೊಳವೆ, ಎಡಗಿವಿಗೆ ಯಂತ್ರ. ನಾನು ಯಾರೆಂದು ಅವರಿಗೆ ತಿಳಿಯಲಿಲ್ಲ. “ಯಾರ ಮಗನಪ್ಪಾ ನೀನು?” ಎಂದು ಕೇಳಿ, ನಮ್ಮ ತಾತನ ಹೆಸರು ಹೇಳಿದ ಮೇಲೆ ಗುರುತು ಹಿಡಿದರು. ಆಸ್ಪತ್ರೆಯದು ಏನಾದರೂ ನೆನಪಿದೆಯೇ ಎಂದೆ. ಬಹಳ ಹೊತ್ತು ಯೋಚಿಸಿ, “ಬಾಯಾರಿಕೆ. ನೀರು ನೀರು ಅಂದ್ರೂ ಒಬ್ರೂ ಕೊಡ್ಲಿಲ್ಲವಲ್ಲಪ್ಪ ನೀವು” ಎಂದರು. ನಳಿಕೆ ಇದ್ದಾಗ ನೀರು ಕೊಡುವಂತಿಲ್ಲ, ಗಂಟಲಲ್ಲಿ ನಳಿಕೆಯಿದ್ದವರ ಧ್ವನಿಯೂ ಹೊರಡುವುದಿಲ್ಲ ಎಂದು ವಿವರಿಸಿದೆ. ತಲೆಯಾಡಿಸಿದರು, ಒಪ್ಪಲಿಲ್ಲ. ನಾನು ಕೈ ಹಿಡಿಸಿದ್ದಾಗಲಿ, ಕರೆದದ್ದಾಗಲಿ ಅವರ ನೆನಪಿನಲ್ಲಿ ಇರಲಿಲ್ಲ. ಅದರಿಂದ ಬೇಸರವೇನೂ ಆಗಲಿಲ್ಲ. ಅಂದು ಒದ್ದೆ ಬಟ್ಟೆಯಿಂದ ತುಟಿ ಒರೆಸಬಹುದಿತ್ತಲ್ಲ ಎನ್ನಿಸಿತು. ಈಗ ಒರೆಸುತ್ತೇನೆ, ಸಿಸ್ಟರನ್ನು ಕೇಳಿ.

ಆ ಮಧ್ಯಾಹ್ನ ಮೇಷ್ಟ್ರ ಜೊತೆ ಕುಳಿತು ಕೆಲವು ವಿಷಯ ತಿಳಿಸಿದೆ. ಕರೆಂಟು ಹೋದರೆ ಬೇಕೆಂದು ಒಂದು ಬಿ-ಟೈಪ್ ಸಿಲಿಂಡರ್ ಇಟ್ಟುಕೊಂಡಿದ್ದರು. ತುಂಬಿದಾಗ ಅದರಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ ಎರಡು ಲೀಟರಿನಂತೆ ಹನ್ನೆರಡು ಗಂಟೆ ಬರುತ್ತದೆ, ಮುಳ್ಳು ಅರ್ಧಕ್ಕೆ ಇಳಿದಿದ್ದರೆ ಆರು. ಈ ಲೆಕ್ಕವನ್ನು ಸೀಮೆಸುಣ್ಣದಿಂದ ಗೋಡೆಯ ಮೇಲೆ ಬರೆದೆವು. ಬೆರಳಿನ ಯಂತ್ರದಲ್ಲಿ ನೂರು ಕಾಣಬೇಕೆಂದು ಮನೆಯವರು ತಿರುಗುಣಿ ಹೆಚ್ಚಿಸುತ್ತಿದ್ದರು. ಇಂಥ ಹಳೆಯ ಉಬ್ಬಸದವರಿಗೆ 88ರಿಂದ 92 ಇದ್ದರೆ ಸಾಕು. ಹೆಚ್ಚು ಆಮ್ಲಜನಕ ಕೊಟ್ಟರೆ ರಕ್ತದಲ್ಲಿ ಇಂಗಾಲದ ಅನಿಲ ಏರಿ ಮಂಪರು ಕವಿಯಬಹುದು. ಒಲೆ, ದೀಪ, ಬೀಡಿ ಹತ್ತಿರ ಬರಬಾರದು. ಬೀಡಿಯ ಮಾತು ಬಂದಾಗ ಮುದುಕರು ಕಿವಿಯ ಯಂತ್ರವನ್ನು ತೆಗೆದು ಮಂಚದ ಮೇಲಿಟ್ಟರು. ಮನೆಯವರೆಲ್ಲ ನಕ್ಕರು. ಹೊರಡುವಾಗ, “ಬಿಸಿಲಾಗೆ ಹೋಗ್ತೀಯ, ನೀರು ಕುಡ್ದು ಹೋಗು” ಎಂದರು. ಕುಡಿದು ಬಂದೆ.

ಈಗ ನಮ್ಮ ವಾರ್ಡಿನಲ್ಲಿ ಹೊಸ ರೋಗಿ ಬಂದಾಗ ಕೇಳುವ ಪ್ರಶ್ನೆಗಳಲ್ಲಿ ಎರಡು ಹೆಚ್ಚಾಗಿವೆ. ಮನೆಯ ಒಳಗೆ ಆಡುವ ಮಾತು ಯಾವುದು, ಯಾವ ಕಿವಿ ಚೆನ್ನಾಗಿ ಕೇಳುತ್ತದೆ ಎಂದು. ಹಿರಿಯ ಸಿಸ್ಟರ್ ಅದಕ್ಕೆ ಒಪ್ಪಿ, ಹಾಸಿಗೆಯ ತಲೆಯ ಬಳಿ ಒಂದು ಚೀಟಿ ಅಂಟಿಸುವ ಏರ್ಪಾಡು ಮಾಡಿದರು. ತಮಿಳು, ಮಲಯಾಳ, ಕೊಡವ, ತುಳು, ಕನ್ನಡ, ತೆಲುಗುಗಳಲ್ಲಿ ಕಣ್ಣು ಬಿಡು, ಕೈ ಹಿಡಿ, ನೋವಿದೆಯೇ ಎಂಬ ಮೂರು ಮಾತುಗಳನ್ನು ಬಲ್ಲವರಿಂದ ಬರೆಸಿ ಇಟ್ಟಿದ್ದೇವೆ. ಗುತ್ತಿಗೆ ನವೀಕರಿಸುವಾಗ ನನ್ನ ಅರ್ಜಿಯ ಆ ಅಂಕಣವನ್ನೂ ತಿದ್ದಿ ಕನ್ನಡ ಎಂದು ಬರೆದೆ. ಗುಮಾಸ್ತರು ತಲೆಯೆತ್ತಿಯೂ ನೋಡಲಿಲ್ಲ. ಇಷ್ಟು ವರ್ಷ ಯಾರಿಗೆ ಹೆದರಿದ್ದೆನೋ ಅವರಿಗೆ ಅದು ಒಂದು ವಿಷಯವೇ ಆಗಿರಲಿಲ್ಲ.

ಗಡಿನಾಡಿನ ನಮ್ಮ ಮನೆಗಳಲ್ಲಿ ವಯಸ್ಸಾದವರು ಅನಂತಪುರಕ್ಕೋ, ಬೆಂಗಳೂರಿಗೋ, ಇನ್ನೂ ದೂರಕ್ಕೋ ಆಸ್ಪತ್ರೆಗೆ ಹೋಗಬೇಕಾಗುತ್ತದೆ. ಹೋಗುವಾಗ ಕಾರ್ಡು, ಹಳೆಯ ಚೀಟಿಗಳ ಜೊತೆಗೆ ಕನ್ನಡಕ, ಕಿವಿಯ ಯಂತ್ರಗಳನ್ನೂ ಕೊಂಡೊಯ್ಯಿರಿ. ಅವನ್ನು ಬಿಚ್ಚಿ ಮನೆಗೆ ಕಳುಹಿಸಿದರೆ, ಎಚ್ಚರವಾದ ದಿನ ಮರಳಿ ಹಾಕಬೇಕೆಂದು ಸಿಸ್ಟರಿಗೆ ಹೇಳಿಡಿ. ಸಂಕೋಚ ಬೇಡ, ಕೇಳುವವರಿಗೆ ಅದರಿಂದ ಉಪಕಾರವೇ ಆಗುತ್ತದೆ. ಅರ್ಜಿ ತುಂಬುವಾಗ ಹೆಸರು, ವಯಸ್ಸು, ರಕ್ತದ ಗುಂಪು ಬರೆಸುವಷ್ಟೇ ನಿಜವಾಗಿ ಮನೆಮಾತನ್ನೂ ಬರೆಸಿ.